ಹೊಟ್ಟೆಗೆ ಹಾಕಿಕೊಳ್ಳಬೇಡ

ಎದುವಿನಾ, ಆ ದಿನ ಎಣಿಸಿದವಳು ನಾನು.
ಮುಖಗವಸಿನ ಮೇಲೆ ಎರಡು ಕಣ್ಣಷ್ಟೇ ಕಂಡಿರಬೇಕು ನಿನಗೆ,
ಅದೂ ಮಂಪರಿನಲ್ಲಿ.
ಅಂಕುದ್ ಆಸ್ಪತ್ರೆ, ಎರಡನೆಯ ಥಿಯೇಟರು,
ಗೋಡೆಗೆ ಬಿಳಿ ಹಲಗೆ, ಅದರ ಮೇಲೆ ನನ್ನ ಕೈಬರಹ:
ದೊಡ್ಡ ಬಟ್ಟೆ ಹತ್ತು, ಸಣ್ಣವು ಇಪ್ಪತ್ತು, ಸೂಜಿ ಆರು.

ಹೊಲಿಯುವ ಮುನ್ನ ಡಾಕ್ಟರ್ ಒಯಾರ್ಸೊ ಕೇಳಿದರು, ಸರಿಯಿದೆಯಾ?
ಬಕೆಟ್ಟಿನಲ್ಲಿ ಒಂಬತ್ತು.
ನೆತ್ತರಲ್ಲಿ ನೆಂದದ್ದು ಒಂದಕ್ಕೊಂದು ಅಂಟಿಕೊಳ್ಳುತ್ತದೆ,
ಎರಡು ಒಂದಾಗಿ ಕೂತಿರುತ್ತವೆ, ಎಷ್ಟೋ ಸಲ ಕಂಡಿದ್ದೇನೆ.
ಮುಂದಿನ ರೋಗಿ ಬಾಗಿಲಲ್ಲಿ.
ನನ್ನ ಪಾಳಿ ಮುಗಿದು ನಲವತ್ತು ನಿಮಿಷ.
ಸರಿಯಿದೆ, ಅಂದೆ.
ಹೊಲಿಗೆ ಬಿತ್ತು.

ಆಮೇಲೆ ಹನ್ನೊಂದು ತಿಂಗಳು.
ವಾಯು ಅಂದರು. ವಯಸ್ಸು ಅಂದರು.
ಗಂಡ ಸಮುದ್ರಕ್ಕೆ ಹೋದಾಗ ಹೆಂಗಸರಿಗೆ ಹೀಗೇ, ಅಂದವರೂ ಇದ್ದರು.
ನೀನು ಬಾಲ್ಡೊ ಎಲೆ ಕುದಿಸಿ ಕುಡಿದೆ,
ಒಲೆಯ ಮುಂದೆ ಹೊಟ್ಟೆ ಅಮುಕಿಕೊಂಡು ಸ್ವೆಟರ್ ಹೆಣೆದೆ.
ಒಂದು ಕೊಂಡಿ ಜಾರಿದರೆ
ಇಡೀ ಸಾಲು ಬಿಚ್ಚಿ ಮತ್ತೆ ಹೆಣೆಯುವವಳು ನೀನು,
ಸಂತೆಯಲ್ಲಿ ಎಲ್ಲರಿಗೂ ಗೊತ್ತು.
ಒಂದು ಬಟ್ಟೆಗಾಗಿ ನಾನು ಐದು ನಿಮಿಷ ನಿಲ್ಲಲಿಲ್ಲ.

ಕೊನೆಗೆ ಕಡಲು ದಾಟಿ ಪುಯೆರ್ತೊ ಮೊಂತ್‌ನಲ್ಲಿ
ಹೊಟ್ಟೆಯ ಎಕ್ಸ್‌ರೇ.
ಕಪ್ಪಿನೊಳಗೊಂದು ಬಿಳಿ ಗೆರೆ, ಸುರುಳಿ ಸುತ್ತಿ.
ನೋಡಿದ್ದೇ ನೀನು ಅಂದೆಯಂತೆ: ಇದು ನೂಲು.
ಹೌದು, ನೂಲೇ.
ಪ್ರತಿ ಬಟ್ಟೆಯಲ್ಲೂ ಒಂದೆಳೆ ನೀಲಿ ಸೇರಿಸಿ ನೇಯ್ದಿರುತ್ತಾರೆ,
ಒಳಗುಳಿದರೆ ಫೋಟೊದಲ್ಲಿ ಕಾಣಲೆಂದು.
ಅಂದರೆ, ನಾವು ಮರೆಯುತ್ತೇವೆಂದು
ನೇಯುವವರಿಗೆ ಮೊದಲೇ ಗೊತ್ತಿತ್ತು.

ಈಗ ಕೇಳು. ನಾಡಿದ್ದು ತೆಗೆಯುತ್ತಾರೆ.
ಆ ಫೋಟೊದ ಪ್ರತಿ ಇವತ್ತೇ ಕೇಳು,
ಕೈಗೆ ಬರುವವರೆಗೆ ಕೌಂಟರ್ ಬಿಟ್ಟು ಕದಲಬೇಡ.
ಒಳಗಿಂದ ಬಂದದ್ದನ್ನು ಬಿಸಾಡಬೇಡಿ, ಲ್ಯಾಬಿಗೆ ಕಳಿಸಿ,
ಅಂತ ಮಂಪರು ಕೊಡುವ ಮೊದಲೇ ಬರೆದುಕೊಡು.
ತಂಗಿಯನ್ನು ಕರೆದುಕೊಂಡು ಹೋಗು,
ಅವಳ ದನಿ ನಿನ್ನದಕ್ಕಿಂತ ದೊಡ್ಡದು.
ಮೊದಲ ಆಪರೇಷನ್ನಿನ ಕಡತ ಬೇಕೆನ್ನು,
ಎಣಿಕೆಯ ಹಾಳೆ ಅದರಲ್ಲೇ ಇದೆ,
ಹತ್ತಕ್ಕೆ ಹತ್ತು, ಕೆಳಗೆ ನನ್ನ ಸಹಿ.
ನೋವು ಶುರುವಾದದ್ದು ಎಂದು, ವಾಯು ಅಂದವರು ಯಾರು,
ಕೊಟ್ಟ ಮಾತ್ರೆ ಯಾವುದು,
ಹೆಣಿಗೆಯ ಲೆಕ್ಕ ಬರೆಯುವ ಪುಸ್ತಕದಲ್ಲೇ ಬರೆ.
ಅಷ್ಟರೊಳಗೆ ಜ್ವರ ಬಂದರೆ, ಚಳಿ ಹತ್ತಿದರೆ,
ಇದೆಲ್ಲ ಅಲ್ಲೇ ಬಿಟ್ಟು ಆಂಬುಲೆನ್ಸ್ ಕರೆ.
ಕಾಗದ ಕಾಯುತ್ತದೆ, ಕೀವು ಕಾಯುವುದಿಲ್ಲ.

ನಿರ್ದೇಶಕರು ಬರುತ್ತಾರೆ, ಸೇಬಿನ ಕೇಕು ಹಿಡಿದು.
ಕುರ್ಚಿ ಎಳೆದು ಹತ್ತಿರ ಕೂತು ಮೆಲ್ಲಗೆ ಅನ್ನುತ್ತಾರೆ:
ಆದದ್ದಾಯಿತು ತಾಯಿ, ನಮ್ಮದೊಂದು ತಪ್ಪು,
ಹೊಟ್ಟೆಗೆ ಹಾಕಿಕೊಳ್ಳಿ.

ಹೊಟ್ಟೆಗೆ!
ಹನ್ನೊಂದು ತಿಂಗಳು ಇನ್ನೇನು ಮಾಡಿದೆ ನೀನು?
ಕೇಕು ತಿನ್ನು, ಚೆನ್ನಾಗಿರುತ್ತದೆ.
ತಪ್ಪನ್ನು ಮಾತ್ರ ಹಿಂದಕ್ಕೆ ಕೊಡು,
ರಸೀದಿ ಕೇಳಿ ತೆಗೆದುಕೊ.
ಓದದ ಕಾಗದಕ್ಕೆ ಹೆಬ್ಬೆಟ್ಟೂ ಒತ್ತಬೇಡ.

ನಿನ್ನ ವಾರ್ಡಿನ ಬಾಗಿಲವರೆಗೆ ಎರಡು ಸಲ ಬಂದೆ,
ಎರಡು ಸಲವೂ ಮೆಟ್ಟಿಲಿಳಿದು ಹೋದೆ.
ಕ್ಷಮಿಸು ಅಂದರೆ ನಾನೂ ಅದೇ ಮಾತು ಅಂದಂತೆ,
ಹೊಟ್ಟೆಗೆ ಹಾಕಿಕೊ ಅಂತ.
ಅದಕ್ಕೇ ಚೀಟಿ.

ಈಗ ಜೋರಾಗಿ ಎಣಿಸುತ್ತೇನೆ, ಹೊಸ ಹುಡುಗಿ ನಗುತ್ತಾಳೆ.
ಹತ್ತು ಸಿಗುವ ತನಕ ಸೂಜಿ ಕೊಡುವುದಿಲ್ಲ.
ಡಾಕ್ಟರ್ ಗಡಿಯಾರ ನೋಡುತ್ತಾರೆ. ನೋಡಲಿ.

ಇದನ್ನೂ ಆ ಕಡತದಲ್ಲಿಡು.
ಯಾರಾದರೂ ಕರೆದು ಕೇಳಿದರೆ, ಒಂಬತ್ತೇ ಇತ್ತು, ಅನ್ನುತ್ತೇನೆ.
ಹಾಳೆಯ ಮೇಲಿನ ನನ್ನ ಸಹಿ ಯಾರಿಗೂ ಓದಲಾಗದು, ಬರೀ ಸಿಕ್ಕು,
ಇಲ್ಲಿ ಬಿಡಿಸಿ ಬರೆದಿದ್ದೇನೆ:
ನೊಲ್ಫಾ ಬಾರಿಯಾ, ನರ್ಸು.