ಇಲ್ಲದ ಮಂಗಳವಾರ

ನಾನು ನೆಲ ಒರೆಸುವ ಶಾಲೆಯಲ್ಲಿ
ಗೋಳದ ಮೇಲೆ ಎಲಿಸೆಯೊ
ಸ್ವೆಟರಿನ ತೋಳಿಂದ ಕಿತ್ತ ಎಳೆಯೊಂದ ಹಿಡಿದ:
ಒಂದು ತುದಿ ಸಾಂಟಿಯಾಗೊ, ಇನ್ನೊಂದು ಆಕ್ಲೆಂಡ್.
ಬಿಗಿಯಾಗಿ ಎಳೆದಷ್ಟೂ ಎಳೆ ನಿಲ್ಲದು,
ಜಾರುತ್ತ ಜಾರುತ್ತ ದಕ್ಷಿಣಕ್ಕೆ, ಹಿಮದ ಅಂಚಿಗೆ.
"ಅಮ್ಮಾ, ಹತ್ತಿರದ ದಾರಿ ಚಳಿಯಲ್ಲೇ ಹೋಗುತ್ತೆ."

ಒಂಬತ್ತು ಸಾವಿರದ ಆರುನೂರು ಚಿಲ್ಲರೆ ಕಿಲೋಮೀಟರು.
ಚಿಲ್ಲರೆ ಎಷ್ಟೆಂದು ನಾನು ಕೇಳಲಿಲ್ಲ,
ಟಿಕೆಟಿನ ಸಾಲಕ್ಕೆ ಚಿಲ್ಲರೆ ಹೊಂದಿಸುತ್ತಿದ್ದೆ.

ಕುರಿಯ ಉಣ್ಣೆ ಕತ್ತರಿಸಲು ರೆನಾನ್ ಹೊರಟದ್ದು
ಸೋಮವಾರ ರಾತ್ರಿ ಹನ್ನೊಂದಕ್ಕೆ.
ಇಳಿದಾಗ ಅಲ್ಲಿ ಬುಧವಾರದ ಬೆಳ್ಳಿ ಮೂಡಿತ್ತು.
ನಡುವಿನ ಮಂಗಳವಾರ ಅವನಿಗೆ ಬರಲೇ ಇಲ್ಲ.
ನಮಗೆ ಬಂತು.
ಅಂದೇ ಹುಡುಗನ ಮುಂದಿನ ಹಲ್ಲು ಬಿತ್ತು,
ಬೆಂಕಿಪೊಟ್ಟಣದಲ್ಲಿ ಇಟ್ಟೆ.
ಫೋನಿನಲ್ಲಿ ಕೇಳಿದ, ಯಾವತ್ತು ಬಿತ್ತು?
ನಿನ್ನ ಹತ್ತಿರ ಇಲ್ಲದ ದಿನ, ಎಂದೆ.
ಜಗಳವೆಂದುಕೊಂಡ.
ಲೆಕ್ಕ ಹೇಳಿದ್ದೆ, ಅಷ್ಟೆ.

ಇವತ್ತು ಭಾನುವಾರ, ಮಧ್ಯಾಹ್ನ ಒಂದು ಗಂಟೆ.
ಅಲ್ಲಿಂದ ಭಾನುವಾರ ಸಂಜೆ ಆರಕ್ಕೆ ಹೊರಟವನು
ಹೊರಡುವ ಐದು ಗಂಟೆ ಮುಂಚೆಯೇ
ಇಲ್ಲಿ ಗಾಜಿನ ಬಾಗಿಲಲ್ಲಿ ನಿಂತಿದ್ದಾನೆ,
ಅಂಗೈಯಲ್ಲಿ ಕುರಿಜಿಡ್ಡಿನ ವಾಸನೆ,
ಒಂದೇ ದಿನದ ಮಧ್ಯಾಹ್ನವನ್ನು ಎರಡು ಸಲ ಕಂಡ
ಕೆಂಪು ಕಣ್ಣು.
ಕೊಟ್ಟದ್ದು ಇಡೀ ಒಂದು ದಿನ. ವಾಪಸು ಬಂದದ್ದು ಇದು.
ನಾನು ಎಣಿಸಲಿಲ್ಲ. ಎಣಿಸಿದೆ, ಹೇಳಲಿಲ್ಲ.

ಮಂಡಿಯೂರಿ ಕರೆದ: ಬಾಯಿ ತೆಗೆ, ನೋಡೋಣ.
ಹುಡುಗ ತುಟಿ ಬಿಗಿಹಿಡಿದು ನಿಂತ.
ಆಮೇಲೆ, ತುಟಿ ಅಷ್ಟಾಗಿ ಬಿಡಿಸದೆ,
"ಹಿಮ ಕಂಡಿತಾ?"

"ನಿದ್ದೆ ಹೋಗಿಬಿಟ್ಟಿದ್ದೆ ಕಣೋ."

ಎಲಿಸೆಯೊಗೆ ನಗು ತಡೆಯಲಾಗಲಿಲ್ಲ.
ಹೊಸ ಹಲ್ಲು ಅರ್ಧ ಬಂದಿತ್ತು.