ನಾಲ್ಕನೇ ಪುಟ

ಚಾಕು ಚಮಚಗಳಿಗೆ ಹೆಸರಾದ ಊರಲ್ಲಿ
ಮೂವತ್ತೊಂದು ವರ್ಷ ನಾನು ಹಲ್ಲು ಮಾಡಿದೆ.
ಮೇಣದಲ್ಲಿ ಒಸಡು, ಪಿಂಗಾಣಿಯಲ್ಲಿ ಕೋರೆ,
ಕೂದಲೆಳೆಯಷ್ಟು ತಪ್ಪಿದರೂ
ಬಾಯಿ ಒಪ್ಪುವುದಿಲ್ಲ.
ಶೆಫೀಲ್ಡಿನ ಮುದುಕರ ಅರ್ಧ ನಗು ನನ್ನದೇ,
ಲೆಕ್ಕ ಹಾಕಿದರೆ.

ಈಗ ಚಹದ ಬಟ್ಟಲು ತಟ್ಟೆಯ ಜೊತೆ ಮಾತಾಡುತ್ತದೆ
ನಾನು ಸುಮ್ಮನಿದ್ದರೂ.

ಬೆಟ್ಟದ ಮೇಲಿನ ಆಸ್ಪತ್ರೆಯಲ್ಲಿ ಸಂಶೋಧನೆಯ ನರ್ಸು,
ಐರ್ಲೆಂಡಿನವಳು, ಹೆಸರು ಶಿವಾನ್ ಎಂದಳು.
ನನ್ನ ಕಿವಿಗೆ ಅದು ಹೇಗೆ ಬಿತ್ತೋ, ಕೈ ತಾನಾಗಿ ಮುಗಿಯಿತು;
ಅಥವಾ ನಡುಗಿತು. ಎರಡಕ್ಕೂ ಈಗ ಅಂಥ ವ್ಯತ್ಯಾಸವಿಲ್ಲ.

ಇಪ್ಪತ್ತಾರು ಪುಟ ಕೊಟ್ಟಳು.
ಮನೆಗೊಯ್ದು ಓದಿ, ಅವಸರವಿಲ್ಲ.
ತಲೆ ನೋಯಬಹುದು, ಹೊಟ್ಟೆ ತೊಳಸಬಹುದು,
ಕನಸು ಕದಡಬಹುದು.
ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು,
ಕಾರಣ ಹೇಳಬೇಕಿಲ್ಲ.
ಇಷ್ಟು ಸಲೀಸಾದ ಕರಾರು ನನ್ನ ಮದುವೆಗೂ ಇರಲಿಲ್ಲ.
ನಾಲ್ಕನೇ ಪುಟದಲ್ಲಿ, ದಪ್ಪ ಅಕ್ಷರವೂ ಅಲ್ಲ:
ಇದರಿಂದ ನಿಮಗೆ ಯಾವ ಪ್ರಯೋಜನವೂ ಆಗದಿರಬಹುದು.

ಅಲ್ಲಿಗೆ ನಿಂತೆ.
ಹರಕೆ, ತಾಯತ, ಅರಿಶಿನದ ಕಷಾಯ,
ವಾಟ್ಸಾಪಿನಲ್ಲಿ ಬಂದ ಹಿಮಾಲಯದ ಬೇರು,
ಯಾರೂ ನನ್ನೊಡನೆ ಇಷ್ಟು ನೆಟ್ಟಗೆ ಮಾತಾಡಿರಲಿಲ್ಲ.
ಆ ವಾಕ್ಯಕ್ಕೇ ರುಜು ಹಾಕಿದೆ,
ಔಷಧಕ್ಕಲ್ಲ.

ವನಮಾಲಾ ಕಟ್ಟಿ ಎಂಬ ಹೆಸರು ಅಲ್ಲಿಗೆ ಕಳಚಿ
ಸೊನ್ನೆ ನಾಲ್ಕು ಏಳು ಆಯಿತು.
ಅರ್ಧ ಜನಕ್ಕೆ ಮದ್ದು, ಅರ್ಧ ಜನಕ್ಕೆ ಬರೀ ಹಿಟ್ಟು.
ಯಾರಿಗೆ ಯಾವುದು, ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ.
ಇಬ್ಬರೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು
ಒಬ್ಬರನ್ನೊಬ್ಬರು ತಡಕುವ ಆಟ.
ಬಲ್ಲದ್ದು ಎಲ್ಲೋ ಒಂದು ಕಂಪ್ಯೂಟರು; ಅದು ಬಾಯಿ ಬಿಡದು.

ಭಾನುವಾರಕ್ಕೊಂದು ಸುರುಳಿ ಬರೆಯಬೇಕು,
ನಡುವಿನಿಂದ ಹೊರಕ್ಕೆ, ಗೆರೆಗೆ ಗೆರೆ ತಾಗದಂತೆ.
ಅದಕ್ಕೆ ಯಾರೋ ಗ್ರೀಕನ ಹೆಸರಿದೆಯಂತೆ.
ನಾನು ಚಕ್ಕುಲಿ ಅಂದೆ.
ಮೊದಲ ವಾರದ್ದು ಮುಳ್ಳು ಮುಳ್ಳು,
ಒಳ್ಳೆಯ ಚಕ್ಕುಲಿ, ಕೆಟ್ಟ ಸುರುಳಿ.
ಶಿವಾನ್ ನಗಲಿಲ್ಲ. ಹಾಗಂದರೇನು ಎಂದು ಕೇಳಿ
ಅಂಚಿನಲ್ಲಿ ಬರೆದುಕೊಂಡಳು.

ಕಾಯುವ ಕೋಣೆಯಲ್ಲಿ ಟ್ರೆವರ್, ಟ್ರಾಮ್ ಓಡಿಸಿದವನು.
ಹೋಲಿಸಿಕೊಳ್ಳಬೇಡಿ ಎಂದಿದ್ದರು.
ಹೋಲಿಸಿಕೊಂಡೆವು.
ಅವನ ಕೈ ತಿಂಗಳಿಂದ ತಿಂಗಳಿಗೆ ಹದಕ್ಕೆ ಬಂತು,
ಮೊಮ್ಮಗಳ ಶೂ ಲೇಸು ಕಟ್ಟಿದನಂತೆ.
ನನ್ನದು ಹಾಗೇ.
ನಾನು ಹಿಟ್ಟಿನವಳು, ನೀನು ಮದ್ದಿನವನು ಅಂದೆ.
ನಾಚಿಕೊಂಡ, ನನ್ನ ಪಾಲನ್ನೂ ತಾನೇ ಉಂಡವನಂತೆ.

ವರ್ಷ ಕಳೆದು ಕಾಗದ ಬಂತು.
ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಪ್ರಯೋಗ ಮುಗಿದಿದೆ. ವಂದನೆಗಳು.
ಕೆಳಗೆ, ನೀವು ತೆಗೆದುಕೊಂಡದ್ದು ಔಷಧ.
ಅಂದು ಸಂಜೆ ಟ್ರೆವರನ ಫೋನು:
ನಂದು ಹಿಟ್ಟಂತೆ ಕಣಮ್ಮಾ,
ಆ ಹಿಟ್ಟು ಯಾವ ಅಂಗಡೀಲಿ ಸಿಗುತ್ತೆ?
ನಕ್ಕೆವು. ಆಮೇಲೆ ಇಬ್ಬರೂ ಫೋನು ಇಡದೆ
ಸ್ವಲ್ಪ ಹೊತ್ತು ಸುಮ್ಮನಿದ್ದೆವು.

ನನ್ನ ಐವತ್ತೆರಡು ಚಕ್ಕುಲಿ
ಯಾವುದೋ ಬೀರುವಿನಲ್ಲಿ ಹೆಸರಿಲ್ಲದೆ ಮಲಗಿವೆ.
ಇಲ್ಲಿ ಬಾಗಿಲಿಲ್ಲ ಎಂದು
ಗೋಡೆ ತಡವಿ ತಿಳಿಯುವುದಕ್ಕೂ ಒಂದು ಕೈ ಬೇಕು.
ನಡುಗುವ ಕೈಯಾದರೂ ನಡೆದೀತು.

ಮಾರ್ಚಿನಲ್ಲಿ ಶಿವಾನ್ ಹೊಸ ಕಾಗದ ತಂದಳು,
ಬೇರೆ ಮದ್ದು, ಬೇರೆ ಬಣ್ಣದ ಡಬ್ಬಿ.
ಆ ವಾಕ್ಯ ಇದರಲ್ಲೂ ಇದೆಯೇ?
ಇದೆ. ಈ ಸಲ ಆರನೇ ಪುಟ.
ಪೆನ್ನು ತೆಗೆದುಕೊಂಡೆ. ಜಾರಿ ಬಿತ್ತು.
ಅವಳು ಎತ್ತಿ ಕೊಡಲಿಲ್ಲ.
ಕಾದಳು.