ಕಡಿತ

ಸಾವಿರ ಪೌಂಡಿನೊಳಗೆ ಯಾವುದಾದರೂ ಆರಿಸಿಕೋ,
ಹನ್ನೆರಡು ಕಂತು, ಸಂಬಳದಲ್ಲೇ ಮುರಿದುಕೊಳ್ಳುತ್ತೇವೆ
ಎಂದಿತ್ತು ಆಸ್ಪತ್ರೆಯ ಕಾಗದ.

ಎಮ್ಲಿನ್, ಸ್ಟ್ರೆಚರ್ ತಳ್ಳಿ ತಳ್ಳಿ ಗಾಲಿಯ ಗುಣ ಬಲ್ಲವನು,
ಆರುನೂರರದ್ದನ್ನು ಎತ್ತಿ ನೋಡಿದ: ಭಾರ.
ಒಂಬೈನೂರರದ್ದರ ಮುಂದಿನ ಫೋರ್ಕ್ ಅದುಮಿದ:
ಉಸ್ಸೆಂದು ಕುಸಿದು ಮೆಲ್ಲಗೆ ಎದ್ದಿತು,
ನಿದ್ದೆ ಮುಗಿಸಿದ ರೋಗಿಯ ಹಾಗೆ.

"ಎಲ್ಲಿ ಓಡಿಸ್ತೀರಿ?" ಅಂಗಡಿಯ ಹುಡುಗಿ.
"ಕೆಲಸಕ್ಕೆ. ಎರಡು ಮೈಲಿ. ಕಾಲುವೆ ದಂಡೆ, ಸಪಾಟು."
"ಮತ್ತೆ ಇಷ್ಟು ದಪ್ಪ ಟೈರು?"

ಮಾತಾಡಲಿಲ್ಲ. ಕಿಟಕಿಯಾಚೆ, ಮರ್ಥರ್ ಊರಿನ ಬೆನ್ನಿಗೆ
ಅಪ್ಪನ ಗಣಿ ಉಗುಳಿದ ಕಪ್ಪು ಗುಡ್ಡ,
ಈಗ ಹುಲ್ಲು ಹೊದ್ದು,
ನಡುವೆ ಯಾರದೋ ಚಕ್ರದ ಗೆರೆ.

ತಿಂಗಳ ಕೊನೆಗೆ ಸಂಬಳದ ಚೀಟಿ:
ತೆರಿಗೆ, ಪಿಂಚಣಿ, ಸಂಘದ ಚಂದಾ,
ಕೆಳಗೆ ಹೊಸ ಸಾಲು, ಎಪ್ಪತ್ತೈದು ಪೌಂಡು.
ಅದರ ಮೇಲೇ ಒತ್ತಿದೆ
ಕೆಸರಿನ ಹೆಬ್ಬೆಟ್ಟು.